ಐನೂರನೇ ಗಾಡಿ

ನಿನ್ನೆ ಸಂಜೆ ಬೆಳಗಾವಿಯ ಆಟೋ ನಗರದಲ್ಲಿ ನಮ್ಮ ಐನೂರನೇ ಗಾಡಿಗೆ ಕ್ಯಾಮೆರಾ ಕೂರಿಸಿದೆವು. ಉದ್ಯಮಬಾಗದಿಂದ ಪುಣೆಗೆ ಕಾಸ್ಟಿಂಗ್ (ಎರಕದ ಬಿಡಿಭಾಗ) ಹೊರುವ ಹತ್ತು ಚಕ್ರದ ಲಾರಿ. ಡ್ರೈವರ್ ಅಣ್ಣ ಕ್ಯಾಮೆರಾಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆದರು. ಲೆನ್ಸ್ ಮೇಲೆ ಹಚ್ಚಲಿಲ್ಲ, ಪುಣ್ಯ. ನಾಲ್ಕು ಜನ ಶುರು ಮಾಡಿದ ಕೆಲಸದಲ್ಲಿ ಈಗ ಇಪ್ಪತ್ಮೂರು ಜನ ಇದ್ದೇವೆ. ಒಂದಿಷ್ಟು ಜನರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ನಮ್ಮದು ಗಾಜಿನ ಹಿಂದೆ ಕೂರುವ ಸಣ್ಣ ಡಬ್ಬಿ. ಒಂದು ಕಣ್ಣು ರಸ್ತೆ ಕಡೆ, ಇನ್ನೊಂದು ಡ್ರೈವರ್ ಕಡೆ. ಕತ್ತಲಲ್ಲೂ ಮುಖ ಕಾಣಲು ಇನ್‌ಫ್ರಾರೆಡ್ ದೀಪ. ರೆಪ್ಪೆ ಮುಚ್ಚಿ ಎಷ್ಟು ಹೊತ್ತಾಯಿತು, ಕೈಯಲ್ಲಿ ಮೊಬೈಲ್ ಇದೆಯಾ, ಮುಂದಿನ ಗಾಡಿ ಎಷ್ಟು ಹತ್ತಿರ ಅಂತ ತಾನೇ ನೋಡಿ ಅಲ್ಲೇ ಕೂಗುತ್ತದೆ. ಇದನ್ನು ನಾವೇನೂ ಕಂಡುಹಿಡಿದಿಲ್ಲ. ಅಮೆರಿಕದ ಡ್ರೈವ್‌ಕ್ಯಾಮ್ ಕಂಪನಿ 1998ರಲ್ಲೇ ಶುರುವಾಗಿತ್ತು, ಈಗ ಅದರ ಹೆಸರು ಲಿಟೆಕ್ಸ್. ಸ್ಯಾನ್ ಡಿಯಾಗೊ ಮತ್ತು ಬೆಂಗಳೂರಲ್ಲಿ ಕೆಲಸ ಮಾಡುವ ನೆಟ್ರಾಡೈನ್ 2015ರದ್ದು. 2025ರ ಜನವರಿಯಲ್ಲಿ ಅವರಿಗೆ 9 ಕೋಟಿ ಡಾಲರ್ ಬಂಡವಾಳ ಬಂತು. ಅಷ್ಟು ದುಡ್ಡು ನಮಗೆ ಎಣಿಸಲಿಕ್ಕೂ ಬರುವುದಿಲ್ಲ ಬಿಡಿ.

ಮೊದಲ ಥ್ಯಾಂಕ್ಸ್, ನಂಬಿ ಮೂರು ಲಾರಿ ಕೊಟ್ಟ ಸಾಹುಕಾರರಿಗೆ. ಆಗ ನಮ್ಮ ಡಬ್ಬಿಗೆ ಈ ಕಡೆಯ ರಸ್ತೆಯೇ ಗೊತ್ತಿರಲಿಲ್ಲ. ಹಂಪ್ ಹಾರಿದರೆ ಆಕ್ಸಿಡೆಂಟ್ ಅನ್ನುತ್ತಿತ್ತು. ಕನ್ನಡಿಗೆ ಕಟ್ಟಿದ ನಿಂಬೆಹಣ್ಣು ತೂಗಾಡಿದರೆ ಎದುರಿಗೆ ಏನೋ ಬಂತು ಅಂತ ಕೂಗುತ್ತಿತ್ತು. ಆದರೆ ರಾತ್ರಿ ಹಿಂದೆ ಲೈಟೇ ಇಲ್ಲದೆ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ! ಅದಕ್ಕೆ ಕಲಿಸಲು ಎರಡು ಹಂಗಾಮು ರಸ್ತೆ ಬದಿ ನಿಂತು ಬರೀ ಕಬ್ಬಿನ ಗಾಡಿಗಳ ವಿಡಿಯೋ ತೆಗೆದೆವು. ಆ ಚಳಿಯಲ್ಲಿ ಜೊತೆಗೆ ನಿಂತ ಹುಡುಗರಿಗೆ ಏನು ಹೇಳಲಿ?

ಎರಡನೆಯದು ಅವ್ವನಿಗೆ. ಡಬ್ಬಿಗೆ ನಿದ್ದೆಯ ಗುರುತು ಕಲಿಸಲು ಡ್ರೈವರ್‌ಗಳ ಆಕಳಿಕೆಯ ವಿಡಿಯೋಗಳನ್ನು ಬೇರೆ ಮಾಡಿಡುವ ಕೆಲಸ ರಾತ್ರಿ ಮನೆಯಲ್ಲಿ ಮಾಡುತ್ತಿದ್ದೆ. ಅವ್ವ ಚಹಾ ಇಟ್ಟವಳು ಅಲ್ಲೇ ನಿಂತು ನೋಡಿ, "ಆಕಳಿಕಿ ಅಲ್ಲೋ ಅದು, ತಂಬಾಕ ಹಾಕ್ಕೊಳ್ಳಾಕತ್ತಾನ" ಅಂದಳು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು, ಅವಳಿಗೆ ಗೊತ್ತಾಗದೇ ಇರುತ್ತಾ? ಅವತ್ತಿನಿಂದ ಅನುಮಾನ ಬಂದದ್ದೆಲ್ಲ ಅವಳ ಮುಂದೆಯೇ.

2020ರ ಲಾಕ್‌ಡೌನಲ್ಲಿ ಗಾಡಿ ನಿಂತವು, ನಾವೂ ನಿಂತೆವು. ಒಬ್ಬ ದೊಡ್ಡ ಗಿರಾಕಿ ದುಡ್ಡು ಕೊಡಲೇ ಇಲ್ಲ. ಐದು ತಿಂಗಳು ಬಾಡಿಗೆ ಕೇಳದ ಗ್ಯಾರೇಜಿನ ಮಾಮಾ, ನಿಮ್ಮ ಋಣ ದೊಡ್ಡದು.

ಎಲ್ಲಕ್ಕಿಂತ ಜಾಸ್ತಿ ಥ್ಯಾಂಕ್ಸ್ ಹೇಳಬೇಕಾದ್ದು ಆ ಮೂರು ಲಾರಿಗಳ ಒಬ್ಬ ಡ್ರೈವರ್ ಕಾಕಾಗೆ. ಗಾಡಿ ಏರಿದ ಕೂಡಲೇ ಕ್ಯಾಮೆರಾ ಮೇಲೆ ಟವೆಲ್ ಹಾಕುತ್ತಿದ್ದರು. ಕೇಳಲು ಹೋದರೆ, "ತಮ್ಮಾ, ನಾ ಏನ್ ಕಳ್ಳ ಏನ್? ತಪ್ಪಷ್ಟ ಸಾಹುಕಾರ್ರಿಗೆ ತೋರಸ್ತೀರಿ. ನಿನ್ನಿ ವಂಟಮೂರಿ ಘಾಟ್‌ನ್ಯಾಗ ಅಡ್ಡ ಬಂದ ಬೈಕ್ ಹುಡುಗನ್ನ ಉಳಿಸೀನಿ. ಅದನ್ಯಾಕ ತೋರಸಂಗಿಲ್ಲ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಳ್ಳೆಯ ಓಟಕ್ಕೂ ಅಂಕ ಕೊಡಲು ಶುರು ಮಾಡಿದ್ದು ಆಮೇಲೆ. ದೊಡ್ಡ ಕಂಪನಿಗಳೂ ಹೀಗೆ ಮಾಡುತ್ತವೆ ಅಂತ ನಂತರ ಓದಿದೆವು. ನಮಗೆ ಕಲಿಸಿದ್ದು ಕಾಕಾ.

ಇನ್ನೊಂದು ಮಾತೂ ಅವರದೇ: ನಿದ್ದೆಗಣ್ಣಿಗೆ ಕೂಗಿದರೆ ಸಾಲದು, ಮಲಗಲು ಬಿಡಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೂ ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಆ ಕಾಗದ ಹಿಡಿದು ಮಾಲೀಕರ ಹತ್ತಿರ ಹೋದೆವು. ಕೆಲವರು ನಕ್ಕರು. ಒಪ್ಪಿದವರ ಲಾರಿಗಳು ಈಗ ಪಿಬಿ (ಪುಣೆ-ಬೆಂಗಳೂರು) ರೋಡಿನಲ್ಲಿ ಕರಾಡದ ಹತ್ತಿರ ಅರ್ಧ ಗಂಟೆ ನಿಲ್ಲುತ್ತವೆ.

ಇದನ್ನು ಬರೆಯುವಾಗಲೇ ಕಾಕಾ ಫೋನ್ ಮಾಡಿದ್ದರು. "ನನ್ನ ಕ್ಯಾಮೆರಾ ಬಂದ್ ಬಿದ್ದೈತಿ, ನಾಳಿ ರಾತ್ರಿ ಟ್ರಿಪ್ ಐತಿ, ಯಾರನ್ನರ ಲಗೂನ ಕಳಸು." ಬೆಳಿಗ್ಗೆ ನಾನೇ ಹೋಗುತ್ತಿದ್ದೇನೆ.