ಎರಡು ಸಂಪರ್ಕ, ಒಂದೇ ಕೊಳವೆ

ಮಾನ್ಯ ಸಂಪಾದಕರೇ,

ವ್ಯಾಪಾರ ಸಂಸ್ಥೆಗಳ ಇಂಟರ್‌ನೆಟ್ ಸಂಪರ್ಕದ ಕುರಿತ ಚರ್ಚೆ ಸಾಮಾನ್ಯವಾಗಿ ಎಷ್ಟು ಎಂಬಿಪಿಎಸ್ ಮತ್ತು ತಿಂಗಳಿಗೆ ಎಷ್ಟು ಬಾಡಿಗೆ ಎಂಬಲ್ಲಿಗೆ ಮುಗಿದುಹೋಗುತ್ತದೆ. ಕಚೇರಿ, ಕಾರ್ಖಾನೆಗಳ ನೆಟ್‌ವರ್ಕ್ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಇನ್ನೊಂದು ಪ್ರಶ್ನೆಯತ್ತ ಓದುಗರ ಗಮನ ಸೆಳೆಯಬಯಸುತ್ತೇನೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಹಣ ತೆತ್ತು ಪಡೆದ ಎರಡನೆಯ ಸಂಪರ್ಕ ನಿಜಕ್ಕೂ ಎರಡನೆಯದೇ?

ಎರಡು ಕಂಪನಿಗಳಿಂದ ಎರಡು ಬಿಲ್ ಬರುತ್ತಿದ್ದ ಮಾತ್ರಕ್ಕೆ ಎರಡು ದಾರಿಗಳಿವೆ ಎಂದು ತಿಳಿಯಬೇಕಾಗಿಲ್ಲ. ಸೇವಾದಾತ ಕಂಪನಿಗಳು ಅನೇಕ ಕಡೆ ಸ್ವಂತ ಫೈಬರ್ ಎಳೆಯದೆ ಮೂರನೆಯವರಿಂದ ಬಾಡಿಗೆಗೆ ಪಡೆಯುತ್ತವೆ. ಹೀಗಾಗಿ ಪ್ರತಿಸ್ಪರ್ಧಿಗಳಾದ ಇಬ್ಬರ ಎಳೆಗಳೂ ಒಂದೇ ಕೇಬಲ್ಲಿನಲ್ಲಿ ಸಾಗಿ, ಒಂದೇ ಮ್ಯಾನ್‌ಹೋಲ್ ದಾಟಿ, ಗೋಡೆಯಲ್ಲಿ ಕೊರೆದ ಒಂದೇ ರಂಧ್ರದಿಂದ ಕಟ್ಟಡದೊಳಕ್ಕೆ ಬರುವುದು ಅಪರೂಪವೇನಲ್ಲ. ರಸ್ತೆ ಅಗೆಯುವ ಜೆಸಿಬಿಗೆ ಬಿಲ್ಲಿನ ಮೇಲಿನ ಹೆಸರುಗಳ ಗೊಡವೆಯಿಲ್ಲ. ಆದ್ದರಿಂದ ಕೇಬಲ್ ಸಾಗುವ ಮಾರ್ಗದ ನಕ್ಷೆಯನ್ನು ಸಹಿ ಹಾಕುವ ಮುನ್ನವೇ ಇಬ್ಬರಿಂದಲೂ ಲಿಖಿತವಾಗಿ ಪಡೆಯಬೇಕು. ಮುಂದೆ ಮಾರ್ಗ ಬದಲಿಸಿದರೆ ತಿಳಿಸತಕ್ಕದ್ದು ಎಂಬ ಷರತ್ತೂ ಒಪ್ಪಂದದಲ್ಲಿರಬೇಕು, ಏಕೆಂದರೆ ಮೊದಲ ವರ್ಷ ಬೇರೆ ಬೇರೆ ರಸ್ತೆಯಲ್ಲಿದ್ದ ಎಳೆಗಳು ಕಂಪನಿಗಳ ಅನುಕೂಲಕ್ಕೆ ತಕ್ಕಂತೆ ಸದ್ದಿಲ್ಲದೆ ಒಂದೇ ಕೊಳವೆಗೆ ಬಂದು ಸೇರುವುದುಂಟು.

ದಾರಿಗಳು ಬೇರೆಯಾಗಿದ್ದರೂ ಅವು ಕಂಪನಿಯ ಒಳಗೆ ಒಂದೆಡೆ ಕೂಡಬಹುದು. 2022ರ ಜುಲೈ 8ರಂದು ಕೆನಡಾದ ದೂರಸಂಪರ್ಕ ಸಂಸ್ಥೆಯಾದ ರಾಜರ್ಸ್ ಕಂಪನಿಯ ಜಾಲದಲ್ಲಿ ಬದಲಾವಣೆ ಮಾಡುವಾಗ ರೂಟರುಗಳ ಒಂದು ಫಿಲ್ಟರ್ ತೆಗೆದುಹೋಗಿ, ದತ್ತಾಂಶ ಯಾವ ದಾರಿ ಹಿಡಿಯಬೇಕೆಂಬ ಮಾರ್ಗಮಾಹಿತಿ ಅಂಕೆಮೀರಿ ನುಗ್ಗಿದ್ದರಿಂದ ಜಾಲದ ಕೇಂದ್ರಭಾಗವೇ ಕುಸಿಯಿತು. ತಂತಿಯ ಸಂಪರ್ಕ ಮತ್ತು ಮೊಬೈಲ್ ಸೇವೆ ಎರಡೂ ಅದೇ ಕೇಂದ್ರವನ್ನು ನೆಚ್ಚಿಕೊಂಡಿದ್ದವಾದ್ದರಿಂದ ಎರಡೂ ಏಕಕಾಲಕ್ಕೆ ನಿಂತವು. ದೇಶದ ಇಂಟರ‍್ಯಾಕ್ ಡೆಬಿಟ್ ಪಾವತಿ ವ್ಯವಸ್ಥೆಯೂ ಸ್ಥಗಿತಗೊಂಡಿತು. ಕಚೇರಿಗೆ ಆ ಕಂಪನಿಯ ಫೈಬರ್ ಹಾಕಿಸಿ, ಆಪತ್ತಿಗಿರಲಿ ಎಂದು ಅದೇ ಕಂಪನಿಯ ಸಿಮ್ ಇಟ್ಟುಕೊಂಡಿದ್ದವರಿಗೆ ಆ ದಿನ ಎರಡರಿಂದಲೂ ಪ್ರಯೋಜನವಾಗಲಿಲ್ಲ.

ಕಟ್ಟಡದ ಒಳಗಿನ ಸ್ಥಿತಿಯೂ ಗಮನಿಸತಕ್ಕದ್ದೇ. ಎರಡು ಸಂಪರ್ಕಗಳೂ ಒಂದೇ ರೂಟರಿಗೆ ಸೇರಿ, ಆ ರೂಟರ್ ಒಂದೇ ಪ್ಲಗ್ಗಿನಿಂದ ವಿದ್ಯುತ್ ಪಡೆಯುತ್ತಿದ್ದರೆ ಹೊರಗೆ ಮಾಡಿದ ಖರ್ಚೆಲ್ಲ ವ್ಯರ್ಥ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಐಪಿ ವಿಳಾಸದ್ದು, ಅಂದರೆ ಇಂಟರ್‌ನೆಟ್ಟಿನಲ್ಲಿ ಸಂಸ್ಥೆಯನ್ನು ಗುರುತಿಸಲು ಸೇವಾದಾತ ಕಂಪನಿ ಕೊಡುವ ಸಂಖ್ಯೆಯದ್ದು. ಮೊದಲ ಸಂಪರ್ಕ ಕಡಿದಾಗ ರೂಟರ್ ಎರಡನೆಯದಕ್ಕೆ ತಾನಾಗಿ ಹೊರಳುತ್ತದೆ, ಸಿಬ್ಬಂದಿಯ ಬ್ರೌಸರಿನಲ್ಲಿ ಪುಟಗಳೂ ತೆರೆದುಕೊಳ್ಳುತ್ತವೆ, ಎಲ್ಲವೂ ಸರಿಯಿದೆ ಎನಿಸುತ್ತದೆ. ಆದರೆ ಈಗ ಸಂಸ್ಥೆಯ ಹೊರವಿಳಾಸ ಬೇರೆಯಾಗಿರುವುದರಿಂದ ಹಳೆಯ ವಿಳಾಸವನ್ನಷ್ಟೇ ಗುರುತಿಸುವ ಬ್ಯಾಂಕಿನ ಸರ್ವರ್ ಬಾಗಿಲು ಮುಚ್ಚುತ್ತದೆ, ಶಾಖೆಗಳನ್ನು ಬೆಸೆಯುವ ಖಾಸಗಿ ಸಂಪರ್ಕವಾದ ವಿಪಿಎನ್ ಕಳಚಿಕೊಳ್ಳುತ್ತದೆ, ಹೊರಗಿನಿಂದ ಬರುವ ಇಮೇಲ್ ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತದೆ.

ದೊಡ್ಡ ಸಂಸ್ಥೆಗಳು ತಮ್ಮದೇ ಎಎಸ್ ಸಂಖ್ಯೆ (ಸ್ವತಂತ್ರ ಜಾಲವೆಂಬ ಗುರುತು) ಮತ್ತು ವಿಳಾಸಗುಚ್ಛ ಪಡೆದು, ಇಬ್ಬರು ಸೇವಾದಾತರೊಂದಿಗೂ ಬಿಜಿಪಿ (ತಮ್ಮ ವಿಳಾಸಗಳಿಗೆ ಬರುವ ದಾರಿಯನ್ನು ಇತರ ಜಾಲಗಳಿಗೆ ಸಾರುವ ವ್ಯವಸ್ಥೆ) ನಡೆಸಿ ಇದನ್ನು ಬಗೆಹರಿಸಿಕೊಳ್ಳುತ್ತವೆ. ಆದರೆ 256 ವಿಳಾಸಗಳಿಗಿಂತ ಚಿಕ್ಕದಾದ ಐಪಿವಿ4 (ಹಳೆಯ, ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಬಗೆಯ ಐಪಿ ವಿಳಾಸ) ಗುಚ್ಛವನ್ನು ಜಾಗತಿಕ ಜಾಲ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ವಿಳಾಸಗಳ ಜಾಗತಿಕ ಹಂಚಿಕೆ ನೋಡಿಕೊಳ್ಳುವ ಐಯಾನಾ ಬಳಿ ಹಂಚಲು ಉಳಿದಿದ್ದ ಗುಚ್ಛಗಳು 2011ರ ಫೆಬ್ರುವರಿಯಲ್ಲೇ ಮುಗಿದಿದ್ದು, ಅಷ್ಟನ್ನು ಹೊಂದಿಸುವುದು ಸಣ್ಣವರಿಗೆ ಸುಲಭವಲ್ಲ. ಅಂಥವರು ಎರಡೂ ವಿಳಾಸಗಳನ್ನು ಬ್ಯಾಂಕಿನಂಥ ಸಹಭಾಗಿಗಳಲ್ಲಿ ಮೊದಲೇ ನೋಂದಾಯಿಸಿ, ಎರಡೂ ಸಂಪರ್ಕಗಳ ಮೇಲೆ ವಿಪಿಎನ್ ಸುರಂಗ ಸಿದ್ಧವಿಟ್ಟುಕೊಂಡರೆ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಇದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಒಂದು ಮಧ್ಯಾಹ್ನದ ವ್ಯವಧಾನ, ಮತ್ತು ಬಹುತೇಕ ಕಚೇರಿಗಳಲ್ಲಿ ಸಿಗದಿರುವುದೂ ಅದೇ.

ಶೇ 99.9ರಷ್ಟು ಸಮಯ ಸಂಪರ್ಕವಿರುತ್ತದೆ ಎಂದು ಒಪ್ಪಂದದಲ್ಲಿ ಕಾಣುವ ಭರವಸೆಯ ಬಗ್ಗೆಯೂ ಒಂದು ಮಾತು. ಆ ಪ್ರಕಾರ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸಂಪರ್ಕವಿಲ್ಲದಿದ್ದರೂ ಕಂಪನಿ ಮಾತು ತಪ್ಪಿದಂತಾಗುವುದಿಲ್ಲ. ಮೀರಿದರೆ ಸಿಗುವ ಪರಿಹಾರ ಸಾಮಾನ್ಯವಾಗಿ ಬಾಡಿಗೆಯ ಒಂದು ಪಾಲು ಮಾತ್ರ, ನಿಂತುಹೋದ ವ್ಯವಹಾರದ ನಷ್ಟವಲ್ಲ. ಇಂಥ ಎರಡು ಸಂಪರ್ಕಗಳು ಸಂಪೂರ್ಣ ಸ್ವತಂತ್ರವಾಗಿದ್ದಲ್ಲಿ ಎರಡೂ ಒಟ್ಟಿಗೆ ಇಲ್ಲವಾಗುವ ಅವಧಿ ವರ್ಷಕ್ಕೆ ಸುಮಾರು 32 ಸೆಕೆಂಡಿಗೆ (ಸಾವಿರದಲ್ಲೊಂದು ಪಾಲಿನ ಸಾವಿರದಲ್ಲೊಂದು ಪಾಲು) ಇಳಿಯುತ್ತದೆ ಎಂದು ಗಣಿತ ಹೇಳುತ್ತದೆ. ಮಾರಾಟ ಪ್ರತಿನಿಧಿಗಳು ಈ ಲೆಕ್ಕವನ್ನು ಉತ್ಸಾಹದಿಂದ ಒಪ್ಪಿಸುತ್ತಾರೆ. ಆದರೆ ಕೊಳವೆ ಒಂದೇ ಆಗಿದ್ದರೆ ಈ ಗುಣಾಕಾರಕ್ಕೆ ಅರ್ಥವಿಲ್ಲ.

ಎಲ್ಲರಿಗೂ ಇಷ್ಟೆಲ್ಲ ಬೇಕೆಂದು ನಾನು ಹೇಳುತ್ತಿಲ್ಲ. ಎರಡು ಗಂಟೆ ಕಾಯಬಲ್ಲ ಸಣ್ಣ ಕಚೇರಿಗೆ ಒಂದು ಒಳ್ಳೆಯ ಫೈಬರ್ ಮತ್ತು ಬೇರೊಂದು ಕಂಪನಿಯ ಮೊಬೈಲ್ ಡೇಟಾ ಸಾಕು. ಆದರೆ ಎರಡು ಸಂಪರ್ಕಗಳಿಗೆ ಹಣ ಕೊಡುತ್ತಿರುವವರು, ಎಲ್ಲರಿಗೂ ಮೊದಲೇ ತಿಳಿಸಿ, ಕೆಲಸದ ವೇಳೆಯಲ್ಲೇ ಮೊದಲನೆಯ ಕೇಬಲ್ ಕಿತ್ತು ಅರ್ಧ ಗಂಟೆ ಹಾಗೆಯೇ ಬಿಡಬೇಕು. ಆಗ ಪುಟ ತೆರೆಯುತ್ತದೆಯೇ ಎಂದಷ್ಟೇ ನೋಡದೆ, ಪಾವತಿ ನಡೆಯಿತೇ, ಶಾಖೆಯಿಂದ ಕಡತ ತೆರೆಯಿತೇ, ಹೊರಗಿನಿಂದ ಇಮೇಲ್ ಬಂತೇ ಎಂಬುದನ್ನು ಒಂದೊಂದಾಗಿ ಬರೆದಿಟ್ಟುಕೊಂಡು, ಆ ಪಟ್ಟಿಯನ್ನು ಮುಂದಿಟ್ಟೇ ಸೇವಾದಾತರೊಂದಿಗೆ ಒಪ್ಪಂದದ ನವೀಕರಣದ ಮಾತಿಗೆ ಕೂರಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನೆಟ್‌ವರ್ಕ್ ಎಂಜಿನಿಯರ್