ಎಣ್ಣೆ ಹಚ್ಚುವ ಮೊದಲು ವಿಚಾರಿಸುವವರಿರಲಿ

ಮಾನ್ಯರೆ,

ಸೊಂಟನೋವು, ಕುತ್ತಿಗೆ ನೋವು, ಮಂಡಿನೋವು ಎಂದು ಅಭ್ಯಂಗ, ಪೊಟ್ಟಣ ಶಾಖ, ‘ಬಾಡಿ ಥೆರಪಿ’ಗಳ ಮೊರೆಹೋಗುವವರ ಸಂಖ್ಯೆ ದಾವಣಗೆರೆಯಲ್ಲಿ ಹೆಚ್ಚುತ್ತಿರುವುದನ್ನು ಇಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ನಿತ್ಯವೂ ಕಾಣುತ್ತಿದ್ದೇನೆ. ಅವರ ಆಯ್ಕೆಗೆ ನನ್ನ ತಕರಾರಿಲ್ಲ. ಬಾಣಂತಿಗೆ ಎಣ್ಣೆ ನೀರು ಹಾಕುವ, ಹಬ್ಬದ ದಿನ ಎಣ್ಣೆಸ್ನಾನ ಮಾಡುವ ನಮ್ಮ ಜನರಿಗೆ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವ ಸುಖ ಹೊಸದೂ ಅಲ್ಲ. ಆದರೆ ಮನೆಯ ಎಣ್ಣೆಸ್ನಾನಕ್ಕೂ ನೋವಿನ ಚಿಕಿತ್ಸೆಯಾಗಿ ಮಾಡುವ ಅಂಗಮರ್ದನಕ್ಕೂ ಬಹಳ ಅಂತರವಿದೆ. ಹೋಗುವವರಿಗೆ ಅಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಎಂಬುದು ಗೊತ್ತಿಲ್ಲದ ಕಾರಣ, ನಡೆದದ್ದನ್ನೆಲ್ಲ ಸರಿಯೆಂದೇ ಒಪ್ಪಿಕೊಂಡು ಬರುತ್ತಾರೆ.

ಮೊದಲ ಸಲ ಹೋದಾಗ ಆರಂಭದ ಹತ್ತು ಹದಿನೈದು ನಿಮಿಷ ಬರೀ ವಿಚಾರಣೆಗೇ ಹೋಗಬೇಕು. ನೋವು ಎಲ್ಲಿ, ಎಂದಿನಿಂದ, ರಾತ್ರಿ ಹೆಚ್ಚೋ ಬೆಳಿಗ್ಗೆ ಹೆಚ್ಚೋ, ಬಿಪಿ, ಶುಗರ್ ಇದೆಯೇ, ಶಸ್ತ್ರಚಿಕಿತ್ಸೆ ಆಗಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ಹೆಣ್ಣುಮಕ್ಕಳಾದರೆ ಗರ್ಭಿಣಿಯೇ ಎಂದೆಲ್ಲ ಕೇಳಿ ಬರೆದುಕೊಳ್ಳಬೇಕು. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರ ಹೆಗಲು ನೋವು, ದಿನವಿಡೀ ಹೊಲಿಗೆ ಯಂತ್ರಕ್ಕೆ ಬಗ್ಗಿ ಕೂರುವವರ ಹೆಗಲು ನೋವು, ಸಕ್ಕರೆ ಕಾಯಿಲೆಯವರಲ್ಲಿ ಕೈ ಮೇಲೆತ್ತಲಾಗದಂತೆ ಬಿಗಿದುಕೊಳ್ಳುವ ಹೆಗಲು, ಈ ಮೂರೂ ಬೇರೆ ಬೇರೆ ತೊಂದರೆಗಳು. ಒಂದೇ ಬಗೆಯಲ್ಲಿ ತಿಕ್ಕಿದರೆ ಮೂರಕ್ಕೂ ಪರಿಹಾರ ಸಿಗದು. ಏನನ್ನೂ ಕೇಳದೆ ನೇರವಾಗಿ ಮಲಗಲು ಹೇಳುವ ಕಡೆಯಿಂದ ಎದ್ದು ಬರುವುದೇ ಲೇಸು.

ಈ ವಿಚಾರಣೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬಹುದಿನ ಹಾಸಿಗೆ ಹಿಡಿದವರಲ್ಲಿ, ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ ಕಾಲಿನ ಆಳದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದುಂಟು. ಆಗ ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಮುಟ್ಟಿದರೆ ಬಿಸಿಯಾಗಿ, ನೋಯತೊಡಗುತ್ತದೆ. ‘ನರ ಹಿಡಿದುಕೊಂಡಿದೆ’ ಎಂದು ಅದನ್ನು ತಿಕ್ಕಿಸಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ತರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಮೈಮೇಲೆ ಬಲವಾಗಿ ಒತ್ತಿದರೆ ಚರ್ಮದಡಿ ರಕ್ತ ಇಳಿದು ಕಂದುಗಟ್ಟುತ್ತದೆ. ಮೂಳೆ ಸವೆದ ವೃದ್ಧರ ಪಕ್ಕೆಲುಬು ಅಂಥ ಒತ್ತಡಕ್ಕೆ ಬಿರುಕು ಬಿಡಬಹುದು. ಜ್ವರ ಬಂದಾಗ, ಚರ್ಮಕ್ಕೆ ಸೋಂಕು ತಗುಲಿದಾಗ, ಉಳುಕಿದ ಕಾಲು ಇನ್ನೂ ಊದಿಕೊಂಡಿರುವಾಗ ಅಂಗಮರ್ದನ ಬೇಡವೇ ಬೇಡ. ಅಜೀರ್ಣವಾದವರಿಗೆ ಅಭ್ಯಂಗ ಸಲ್ಲದೆಂದು ಆಯುರ್ವೇದದ ಹಳೆಯ ಗ್ರಂಥಗಳೇ ಹೇಳಿವೆ. ಬೆಣ್ಣೆದೋಸೆ ತಿಂದು ನೇರವಾಗಿ ಬಂದು ಬೋರಲು ಮಲಗುವವರನ್ನು ನಾನು ನೋಡಿದ್ದೇನೆ. ಹೊಟ್ಟೆ ತುಂಬ ಉಂಡ ಮೇಲೆ ಎರಡು ಗಂಟೆಯಾದರೂ ಬಿಡುವು ಇರಬೇಕು.

ಸಕ್ಕರೆ ಕಾಯಿಲೆಯವರ ಪಾದದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಿದೆ. ಬಹುಕಾಲದಿಂದ ಶುಗರ್ ಇರುವ ಅನೇಕರಿಗೆ ಪಾದದಲ್ಲಿ ಬಿಸಿ ತಣ್ಪಿನ ಅರಿವೇ ಕುಂದಿರುತ್ತದೆ. ಹೀಗೆ ಅರಿವು ಕುಂದಿದ್ದ ವೃದ್ಧೆಯೊಬ್ಬರು ಬಿಸಿ ಪೊಟ್ಟಣದ ಶಾಖ ತೆಗೆದುಕೊಂಡು ಮನೆಗೆ ಹೋಗಿದ್ದರು. ಮಾರನೆಯ ದಿನ ಸೊಸೆ ಕಾಲುಂಗುರ ಸರಿಪಡಿಸಲು ಬಗ್ಗಿದಾಗಲೇ ಅಂಗಾಲಿನಲ್ಲಿ ಎದ್ದಿದ್ದ ಬೊಬ್ಬೆ ಕಣ್ಣಿಗೆ ಬಿದ್ದದ್ದು. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಲಕ್ಕಿ, ಎಕ್ಕ, ಹರಳು ಗಿಡದ ಎಲೆಗಳನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ ಕೊಡುವ ಆ ಶಾಖ ಹಿತವಾದ ಚಿಕಿತ್ಸೆಯೇ ಹೌದು. ಆದರೆ ಕೊಡುವವರು ಪ್ರತಿ ಸಲವೂ ಅದನ್ನು ಮೊದಲು ತಮ್ಮ ಕೈಹಿಂಬದಿಗೆ ಮುಟ್ಟಿಸಿ ನೋಡಿಕೊಳ್ಳಬೇಕು.

ಇನ್ನು ಹಾಸಿಗೆಯ ಮೇಲೆ ನಡೆಯುವ ಕೆಲಸ. ಚಿಕಿತ್ಸೆ ಕೊಡುವ ಭಾಗವೊಂದನ್ನು ಬಿಟ್ಟು ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಿರಬೇಕು. ಎಷ್ಟು ಬಟ್ಟೆ ತೆಗೆಯಬೇಕೆಂಬುದು ನಿಮ್ಮ ತೀರ್ಮಾನ; ಮಹಿಳೆಯರು ಮಹಿಳೆಯಿಂದಲೇ ಚಿಕಿತ್ಸೆ ಬೇಕೆಂದು ಕೇಳುವುದರಲ್ಲಿ, ಮನೆಯವರೊಬ್ಬರು ಜೊತೆಗಿರಲೆಂದು ಹೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ. ಬಿಗಿದ ಸ್ನಾಯುವನ್ನು ಒತ್ತಿದಾಗ ಸ್ವಲ್ಪ ನೋಯುವುದು ಸಹಜ, ಆದರೆ ಉಸಿರು ಬಿಗಿಹಿಡಿದು ಹಲ್ಲು ಕಚ್ಚುವಷ್ಟು ನೋಯುತ್ತಿದ್ದರೆ ಒತ್ತಡ ಅತಿಯಾಯಿತೆಂದೇ ಅರ್ಥ. ಆಗ ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಸೆಟೆದುಕೊಳ್ಳುತ್ತದೆ. ಜೋರಾಗಿ ನೋಯಿಸಿದರೇ ಕಾಯಿಲೆ ಬಿಡುವುದೆಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿರುವುದರಿಂದ ಎಷ್ಟೋ ಮಂದಿ ‘ಸಾಕು’ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ದಯವಿಟ್ಟು ಹೇಳಿ.

ಕೊನೆಯಲ್ಲಿ ಕುತ್ತಿಗೆಯನ್ನು ಗಕ್ಕನೆ ತಿರುಚಿ ‘ಲಟಕ್’ ಎನ್ನಿಸುವ ರೂಢಿಯನ್ನಂತೂ ಯಾರೂ ಒಪ್ಪಬಾರದು. ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಗುಳ್ಳೆ ಉಂಟಾಗುವುದರಿಂದ ಬರುತ್ತದೆಯೇ ಹೊರತು ಎಲುಬು ಜಾಗಕ್ಕೆ ಕೂತದ್ದರಿಂದಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಲಕವೇ ಹಾದುಹೋಗುತ್ತವೆ. ಹಠಾತ್ತನೆ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಸಂಗಗಳು ಅಪರೂಪವಾದರೂ ವೈದ್ಯಕೀಯ ದಾಖಲೆಗಳಲ್ಲಿ ಇವೆ.

ಮುಗಿದ ಮೇಲೆ ಥಟ್ಟನೆ ಏಳಬಾರದು, ತಲೆ ಸುತ್ತಬಹುದು. ಎಣ್ಣೆ ಹತ್ತಿದ ಪಾದವನ್ನು ಚೆನ್ನಾಗಿ ಒರೆಸದೆ ಟೈಲ್ಸ್ ನೆಲದ ಮೇಲೆ ಕಾಲಿಟ್ಟು ಜಾರಿ ಬೀಳುವ ವೃದ್ಧರಿದ್ದಾರೆ. ಒಂದೆರಡು ದಿನ ಮೈಕೈ ನೋವಿರುವುದು ಸಾಮಾನ್ಯ. ಮೈಯೊಳಗಿನ ವಿಷವೆಲ್ಲ ಹೊರಬಂತು ಎಂಬ ಮಾತಿಗೆ ಆಧಾರವಿಲ್ಲ. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ದಿನವೂ ಮಾಡುತ್ತಿರುತ್ತವೆ. ಅಂಗಮರ್ದನದಿಂದ ಸೊಂಟನೋವು ಕೆಲವು ದಿನ ಅಥವಾ ವಾರ ತಗ್ಗಬಹುದು, ನಿದ್ದೆ ಚೆನ್ನಾಗಿ ಬರಬಹುದು, ಮನಸ್ಸು ಹಗುರವಾಗಬಹುದು. ಸಿಗುವ ಲಾಭ ಇಷ್ಟು, ಮತ್ತು ಇದು ಕಡಿಮೆಯದೇನಲ್ಲ. ನೋವು ತಗ್ಗಿದ ಆ ದಿನಗಳಲ್ಲಿ ವ್ಯಾಯಾಮ ಕಲಿತು ಮುಂದುವರಿಸಿದವರಿಗೇ ಹೆಚ್ಚಿನ ಪ್ರಯೋಜನ. ಜಾರಿದ ಡಿಸ್ಕನ್ನು ಕೈಯಿಂದ ಒಳಕ್ಕೆ ತಳ್ಳುತ್ತೇವೆ ಎನ್ನುವವರನ್ನು, ಹತ್ತಿಪ್ಪತ್ತು ಸಲದ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವವರನ್ನು ನಂಬಬೇಡಿ. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಚಿಕಿತ್ಸೆ ನೀಡುವ ಖಾಸಗಿ ಕೇಂದ್ರಗಳು ನೋಂದಣಿ ಮಾಡಿಸಬೇಕು. ಫಿಸಿಯೋಥೆರಪಿ ಕೇಂದ್ರಗಳೂ ಇದರ ವ್ಯಾಪ್ತಿಗೆ ಬರುತ್ತವೆ. ‘ಚಿಕಿತ್ಸೆ’ ಎಂಬ ಫಲಕ ಹಾಕಿಕೊಂಡಿರುವ ಅಂಗಮರ್ದನ ಕೇಂದ್ರಗಳಿಗೆ ಜಿಲ್ಲಾ ಆರೋಗ್ಯ ಇಲಾಖೆ ಮತ್ತು ಆಯುಷ್ ಇಲಾಖೆಗಳು ಜಂಟಿಯಾಗಿ ಭೇಟಿ ಕೊಟ್ಟು, ನೋಂದಣಿ ಇದೆಯೇ, ಚಿಕಿತ್ಸೆ ನೀಡುವವರ ವಿದ್ಯಾರ್ಹತೆ ಏನು ಎಂಬುದನ್ನು ಪರಿಶೀಲಿಸಬೇಕು. ಅದರ ಜೊತೆಗೆ, ಯಾರಿಗೆ ಈ ಚಿಕಿತ್ಸೆ ಸಲ್ಲದು ಎಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಬಾಗಿಲಲ್ಲೇ ಕಾಣುವಂತೆ ಹಾಕಲು ಎಲ್ಲ ಕೇಂದ್ರಗಳಿಗೂ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಫಿಸಿಯೋಥೆರಪಿಸ್ಟ್, ವಿದ್ಯಾನಗರ, ದಾವಣಗೆರೆ