ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣುವುದಿಲ್ಲ

ಬಳಗದ ಬಂಧುಗಳೇ,

ಡಿಸೆಂಬರ್ ಕೊನೆಯ ವಾರ ಕೊಪ್ಪಳ ಜಿಲ್ಲೆಯ ಕುಕನೂರಿನ ಹತ್ತಿರ ನಮ್ಮ ಹಳ್ಳಿಯಲ್ಲಿದ್ದೆವು. ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿ ಕೌದಿ ಹಾಸಿಕೊಂಡೆವು. ಮಗಳು ಫೋನಿನ ಆಪ್ ತೆರೆದು ನಕ್ಷತ್ರ ಹುಡುಕಿದಳು. ಪರದೆಯ ಬೆಳಕಿಗೆ ಕಣ್ಣು ಕುಕ್ಕಿ ಆಕಾಶವೇ ಕಾಣಲಿಲ್ಲ. ಫೋನ್ ಒಳಗಿಡಿಸಿದೆ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು. ಅಷ್ಟು ಹೊತ್ತು ಸುಮ್ನೆ ಹರಟೆ ಹೊಡೆದೆವು.

ಆಮೇಲೆ ಅವಳಿಗೆ ಮುಷ್ಟಿ ಹಿಡಿಯಲು ಕಲಿಸಿದೆ. ಕೈ ಚಾಚಿ ಹಿಡಿದ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಉತ್ತರ ದಿಗಂತದಿಂದ ಧ್ರುವ ನಕ್ಷತ್ರ ಒಂದೂವರೆ ಮುಷ್ಟಿ ಮೇಲಿತ್ತು. ಊರಿನ ಅಕ್ಷಾಂಶವೂ 15 ಡಿಗ್ರಿಯ ಆಸುಪಾಸು. ಇಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ನಾವಿರುವ ಕಡೆ, ಅದೇ ಧ್ರುವ ಐದು ಮುಷ್ಟಿಗೂ ಜಾಸ್ತಿ ಎತ್ತರದಲ್ಲಿದೆ. ಭೂಮಿ ದುಂಡಗಿದೆ ಅನ್ನೋದನ್ನು ಅವಳು ತನ್ನ ಕೈಯಲ್ಲೇ ಅಳೆದಳು.

ಹತ್ತೂವರೆ ಹೊತ್ತಿಗೆ ಕೆಂಪಗಿನ ರೋಹಿಣಿ ಸರಿಯಾಗಿ ನೆತ್ತಿಗೆ ಬಂತು. ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. 'ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ' ಎಂಬ ಗಾದೆ ಅವರ ಬಾಯಲ್ಲಿ ಯಾವಾಗಲೂ ಇರುತ್ತದೆ. ಮಗಳು ಕೇಳಿದಳು, 'ಮಳೆ ಬರುವಾಗಲೂ ಇದು ಇಲ್ಲೇ ಇರುತ್ತಾ?' ಒಳ್ಳೆಯ ಪ್ರಶ್ನೆ ಅಲ್ವಾ! ಮಳೆಗೆ ರೋಹಿಣಿ ಎಂದು ಹೆಸರು ಬಂದಿದ್ದು ಆಗ ಸೂರ್ಯ ರೋಹಿಣಿಯಲ್ಲಿ ಇರುತ್ತಾನೆ ಎಂಬ ಕಾರಣಕ್ಕೆ. ಮೇ 25ರ ಸುಮಾರಿಗೆ ಬಂದು ಹದಿಮೂರು ಹದಿನಾಲ್ಕು ದಿನ ಇದ್ದು, ಮೃಗಶಿರಕ್ಕೆ ದಾಟುತ್ತಾನೆ. ಅವನ ಬೆಳಕಿನಲ್ಲಿ ಮುಳುಗಿದ ಚುಕ್ಕಿ ಕಾಣುವುದಾದರೂ ಹೇಗೆ? ಆರು ತಿಂಗಳು ಕಳೆದು, ಸೂರ್ಯ ಆಕಾಶದ ಆಚೆ ಬದಿಗೆ ಹೋದಾಗ ಅದು ರಾತ್ರಿಯಿಡೀ ಸಿಗುತ್ತದೆ.

ದೊಡ್ಡಪ್ಪ ಬಹಳ ಹೊತ್ತು ಮೇಲೆ ನೋಡಿದರು. 'ಇಷ್ಟು ವರ್ಷ ಮಳಿ ಹೆಸರು ಹೇಳೀನಿ. ಚುಕ್ಕಿ ಇವತ್ತ ನೋಡಿದೆ' ಎಂದರು. ನನ್ನ ಗಂಟಲು ಕಟ್ಟಿತು. ಆರಿದ್ರ, ಮಘೆ, ಚಿತ್ತೆ, ಸ್ವಾತಿ ಎಲ್ಲವೂ ಕಣ್ಣಿಗೆ ಕಾಣುವ ನಕ್ಷತ್ರಗಳೇ. ಆ ಹೆಸರುಗಳು ಮಕ್ಕಳಿಗೆ ಪಂಚಾಂಗದ ಪದಗಳಾಗಿ ಮಾತ್ರ ಉಳಿಯಬಾರದು.

ನಡುರಾತ್ರಿ ದಾಟಿದ ಮೇಲೆ, ಹೊಳೆಯುವ ಲುಬ್ಧಕ ನಕ್ಷತ್ರದ ಕೆಳಗೆ, ದಕ್ಷಿಣದಲ್ಲಿ ಎರಡು ಮುಷ್ಟಿ ಎತ್ತರದಲ್ಲಿ ಅಗಸ್ತ್ಯ ನಿಂತಿದ್ದ. ರಾತ್ರಿಯ ಆಕಾಶದ ಎರಡನೇ ಅತಿ ಪ್ರಕಾಶದ ನಕ್ಷತ್ರ. ಮ್ಯಾಂಚೆಸ್ಟರಿನಲ್ಲಿ ಅದು ಹುಟ್ಟುವುದೇ ಇಲ್ಲ.

ಈ ಜನವರಿಯಲ್ಲಿ ಮೋಡವಿಲ್ಲದ ಒಂದು ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಹಿತ್ತಲಿಗೆ ಕರೆದುಕೊಂಡು ಬನ್ನಿ. ಇಲ್ಲಿ ಮ್ಯಾಂಚೆಸ್ಟರಿನಲ್ಲಿ ದಕ್ಷಿಣಕ್ಕೆ ಐದು ಮುಷ್ಟಿ ಮೇಲೆ ರೋಹಿಣಿ ಇರುತ್ತದೆ. ಯಾವ ಚಿಮಣಿಯ ಮೇಲಿದೆ ಎಂದು ಬರೆದಿಡಿ. ಮರುದಿನ ಅದು ನಾಲ್ಕು ನಿಮಿಷ ಮೊದಲೇ ಆ ಜಾಗಕ್ಕೆ ಬರುತ್ತದೆ, ತಿಂಗಳಿಗೆ ಎರಡು ಗಂಟೆ. ದೂರದರ್ಶಕ ಆಮೇಲೆ ಕೊಂಡರಾಯಿತು.

ಮೊನ್ನೆ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಗಳು ಕೇಳಿದ ಮೊದಲ ಮಾತು: 'ಅಜ್ಜಾ, ಅಗಸ್ತ್ಯ ಬಂದನಾ?'